ಪಟದೊಳಗಿನ ಗಾಳಿಗಿರಣಿ

ಬಹಳ ಬಹಳ ಹಿಂದೆ, ಸಮುದ್ರಕ್ಕಿಂತ ತಗ್ಗಿನಲ್ಲಿದ್ದ ಡಚ್ಚರ ನಾಡಿನಲ್ಲಿ ಒಂದು ಪುಟ್ಟ ರಾಜ್ಯವಿತ್ತು. ಅಲ್ಲಿನ ಆಸ್ಥಾನ ಚಿತ್ರಕಾರ ಕ್ರೈನ್ ದೊಡ್ಡ ಮಾಂತ್ರಿಕ, ಅದಕ್ಕಿಂತ ದೊಡ್ಡ ಜಂಬಗಾರ. ಅವನೊಮ್ಮೆ ಬಯಲು, ಒಣಮರ, ಸೇತುವೆ, ಗಾಳಿಗಿರಣಿ ಎಲ್ಲ ಬರೆದ. ಪಟಕ್ಕೆ ಜೀವವೇ ಬರಲಿಲ್ಲ. ಜೀವ ಬರಲೆಂದು ಗಿರಣಿ ನಡೆಸುವ ಯೋರಿಸ್ ಎಂಬ ಯುವಕನನ್ನು ಮಂತ್ರ ಹಾಕಿ ಪಟದೊಳಕ್ಕೆ ಎಳೆದುಬಿಟ್ಟ. ಪಾಪ, ಅವನಿಗೆ ಮದುವೆಯಾಗಿ ಮೂರೇ ತಿಂಗಳು.

ಯೋರಿಸನ ಹೆಂಡತಿ ಲೀಸ್ಬೆತ್ ಅರಮನೆಗೆ ಅಲೆದಲೆದು ಸುಸ್ತಾದಳು. ಕಾವಲುಗಾರರು ಬಿಟ್ಟರೆ ತಾನೆ! ಮನೆಯ ಗಿರಣಿ ಕಿರುಗುಟ್ಟಿದರೆ ಗಂಡನೇ ಕರೆದನೆಂದು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬರುವಳು. ಅವನಿಲ್ಲದೆ ಅವಳಿಗೆ ಏನೂ ಬೇಡವಾಗಿತ್ತು. ಇಪ್ಪತ್ತು ವರ್ಷದ ಮೇಲೆ ಅರಮನೆಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ಪಟದ ಮುಂದೆ ನಿಂತಳು. ಬೆರಳುದ್ದದ ಗಿರಣಿಯ ಬಾಗಿಲಲ್ಲಿ ಅಕ್ಕಿಕಾಳಿನಷ್ಟು ಗಂಡ!

ಅಷ್ಟರಲ್ಲಿ ಕ್ರೈನ್ ಬಂದ. ಗಂಡನನ್ನು ಬಿಟ್ಟುಕೊಡಿ ಎಂದು ಬೇಡಿಕೊಂಡಳು.

"ಈ ಪಟದ ಮೂರು ಗುರುತುಗಳ ಅರ್ಥ ಹೇಳು, ಬಿಡುತ್ತೇನೆ" ಎಂದ ಕ್ರೈನ್. "ತಪ್ಪಿದರೆ ನೀನೂ ಬಣ್ಣವಾಗುತ್ತೀ. ನಾನಿಟ್ಟ ಅರ್ಥ ಬಿಟ್ಟು ಬೇರೆ ಇಲ್ಲಿರಲಾರದು. ಇದ್ದರೆ ನನ್ನ ಮಂತ್ರವೇ ಮುರಿದುಹೋದೀತು."

ಒಣಮರವೆಂದರೆ ಸಾವು ಎಂದಳು. ಸರಿಯಾಯಿತು. ಸೇತುವೆಯೆಂದರೆ ಈ ಲೋಕದಿಂದ ಆ ಲೋಕಕ್ಕೆ ದಾಟುವ ದಾರಿ ಎಂದಳು. ಅದೂ ಸರಿಯಾಯಿತು. ಆ ನಾಡಿನ ಮಕ್ಕಳೂ ಅಷ್ಟು ಹೇಳುತ್ತಾರೆ ಬಿಡಿ. ಮೂರನೆಯದು ಗಿರಣಿ.

ಗಿರಣಿಯವರಲ್ಲಿ ಒಂದು ಪದ್ಧತಿಯುಂಟು. ತಿರುಗುವ ರೆಕ್ಕೆಯನ್ನು ಸುತ್ತಿನ ನೆತ್ತಿ ದಾಟಿಸಿ ನಿಲ್ಲಿಸಿದರೆ ಮನೆಯಲ್ಲಿ ಸಾವಾಗಿದೆ ಎಂದು. ನೆತ್ತಿ ಮುಟ್ಟುವ ಮೊದಲೇ ನಿಲ್ಲಿಸಿದರೆ ಮನೆಗೆ ಸಂತೋಷ ಬರುತ್ತಿದೆ ಎಂದರ್ಥ. ಲೀಸ್ಬೆತ್ ಕಣ್ಣರಳಿಸಿ ನೋಡಿದಳು. ರೆಕ್ಕೆ ಇನ್ನೂ ನೆತ್ತಿ ಮುಟ್ಟಿರಲಿಲ್ಲ.

"ಸಂತೋಷ. ನನ್ನ ಗಂಡ ಬರ್ತಿದ್ದಾನೆ."

"ತಪ್ಪು. ನಾನು ಬರೆದದ್ದು ಸಾವು."

"ಬರೆದದ್ದು ನೀವು. ರೆಕ್ಕೆಯನ್ನು ದಿನಕ್ಕೊಂದು ಕೂದಲೆಳೆಯಷ್ಟು ಹಿಂದಕ್ಕೆ ಎಳೆದವನು ಅವನು. ನೋಡಿ."

ಕ್ರೈನ್ ಬಗ್ಗಿ ನೋಡಿದ. ತನ್ನ ಪಟದಲ್ಲಿ ಇನ್ನೊಬ್ಬನ ಅರ್ಥ! ಮಂತ್ರ ಮುರಿಯಿತು, ಬಣ್ಣ ಕರಗಿತು, ಜೊತೆಗೆ ಕ್ರೈನನೂ ಕರಗಿ ನೆಲದ ಮೇಲೆ ರಾಡಿನೀರಾದ. ಲೀಸ್ಬೆತ್ ಅದನ್ನೂ ಒರೆಸಿ ಹಾಕಿದಳು.

ಯೋರಿಸ್ ಹೊರಗೆ ಕಾಲಿಟ್ಟ. ಪಟದೊಳಗೆ ವಯಸ್ಸೇ ಆಗಿರಲಿಲ್ಲ, ಇನ್ನೂ ಇಪ್ಪತ್ತಮೂರರ ಹುಡುಗ. ಸುತ್ತ ಹುಡುಕಿ, ನರೆಗೂದಲಿನ ಆ ಹೆಂಗಸಿನ ಹತ್ತಿರ ಬಂದ.

"ಅಮ್ಮಾ, ನನ್ನ ಹೆಂಡತಿ ಲೀಸ್ಬೆತ್ ಎಲ್ಲಿದ್ದಾಳೆ, ಗೊತ್ತಾ?"

ಅವಳ ಎದೆ ಒಡೆದುಹೋಯಿತು. ಸತ್ತಳು ಎಂದುಬಿಡಲೇ ಅನ್ನಿಸಿತು. ಆದರೆ ಆಸೆ ಬಿಡಬೇಕಲ್ಲ.

"ಎಷ್ಟು ತಡ ಮಾಡಿದೆ, ಯೋರಿಸ್" ಎಂದಳು.

ದನಿ ಮಾತ್ರ ಅದೇ ಇತ್ತು. ಅವನು ಅವಳ ಒದ್ದೆ ಕೈ ಹಿಡಿದು ಅತ್ತುಬಿಟ್ಟ.

ಇಬ್ಬರೂ ಗಿರಣಿಗೆ ಮರಳಿ ಸುಖವಾಗಿ ಬಾಳಿದರು. ಸಂತೆಯಲ್ಲಿ ಕಂಡ ಹೊಸಬರು ತಾಯಿ ಮಗ ಅಂದುಕೊಳ್ಳುತ್ತಿದ್ದರಂತೆ. ಅಂದುಕೊಳ್ಳಲಿ ಬಿಡಿ.