ಚೀಲವನ್ನು ಮೂರು ಸಲ ಕೇಳಿದ ರಾಜಕುಮಾರಿ

ನಮ್ಮ ಮುತ್ತಜ್ಜನ ಮುತ್ತಜ್ಜ ಇನ್ನೂ ಹುಟ್ಟದಿದ್ದ ಕಾಲದಲ್ಲಿ ಕಾವಲಪುರವೆಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಸೈನ್ಯವಿರಲಿಲ್ಲ, ನಾಯಿಗಳಿದ್ದವು. ಹಗಲೂ ರಾತ್ರಿ ಅವು ಕೋಟೆಗೋಡೆಯ ಮೇಲೆ ಕಾವಲಿರುತ್ತಿದ್ದವು. ಯಾಕೆಂದರೆ ಕೋಟೆಯ ಹೊರಗೆ ಮಬ್ಬುಹುಲಿ ಓಡಾಡುತ್ತಿತ್ತು. ಅದು ಮಂಜಿನಿಂದಾದ ಹುಲಿ. ಯಾರನ್ನೂ ಕಚ್ಚುತ್ತಿರಲಿಲ್ಲ, ಸುಮ್ಮನೆ ಮೈಮೇಲೆ ಹಾದುಹೋಗುತ್ತಿತ್ತು. ಹಾದುಹೋದರೆ ಸಾಕು, ಮನುಷ್ಯರಿಗೆ ತಮ್ಮ ಹೆಸರೂ ಹೆತ್ತ ಮಕ್ಕಳೂ ಮರೆತುಹೋಗುತ್ತಿದ್ದವು. ಕುರಿಯಾದರೆ ತಾನು ಕುರಿಯೆಂಬುದನ್ನೇ ಮರೆಯುತ್ತಿತ್ತು. ಗಟ್ಟಿಮುಟ್ಟಾದ ನಾಯಿ ಎದೆತುಂಬಿ ಬೊಗಳಿದರೆ ಮಾತ್ರ ಆ ಹುಲಿ ಹೆದರುತ್ತಿತ್ತು.

ರಾಜ ವೀರಕೇತು ಒಳ್ಳೆಯವನು. ಆದರೆ ಹೊಳೆಯುವುದೆಲ್ಲ ಅವನಿಗೆ ಇಷ್ಟ. ಮೊದಲು ನಾಯಿಗಳಿಗೆ ಅರಮನೆಯಲ್ಲೇ ಅಡುಗೆಯಾಗುತ್ತಿತ್ತು. ನಾಯಿಗಳು ಹೆಚ್ಚಾದವು, ಅಡುಗೆಯವರು ಸೋತರು, ರಾಜ ಪೇಟೆಯಿಂದ ಸಿದ್ಧ ಆಹಾರದ ಚೀಲಗಳನ್ನು ತರಿಸತೊಡಗಿದ. ಅದರಲ್ಲೇನೂ ತಪ್ಪಿರಲಿಲ್ಲ. ಪೇಟೆಯ ಆಹಾರವನ್ನೂ ನೋಡಿ ಆರಿಸಿದರೆ ನಾಯಿ ಚೆನ್ನಾಗಿಯೇ ಬಾಳುತ್ತದೆ. ಆದರೆ ರಾಜ ಆಹಾರ ನೋಡಲಿಲ್ಲ, ಚೀಲ ನೋಡಿದ. ಝಗಮಲ್ಲನೆಂಬ ಮಾಯಗಾರನ ಅಂಗಡಿಯ ಚೀಲಗಳು ಬಿಸಿಲಲ್ಲಿ ಚಿನ್ನದಂತೆ ಹೊಳೆಯುತ್ತಿದ್ದವು.

ರಾಜನ ಮಗಳು ಕುಂದಲತೆಗೆ ತಾಳ್ಮೆಯೆಂಬುದು ಹುಟ್ಟಿನಿಂದಲೇ ಇರಲಿಲ್ಲ. ಗುಡುಗನೆಂಬ ನಾಯಿ ಅವಳ ಜೀವ. ಗುಡುಗ ಒಮ್ಮೆ ಬೊಗಳಿದರೆ ಮಾಡಿನ ಹೆಂಚುಗಳು ಅಲುಗುತ್ತಿದ್ದವು. ಈಗ ಅವನು ಹಗಲೆಲ್ಲ ಮೈ ಕೆರೆದುಕೊಳ್ಳುತ್ತಿದ್ದ. ಕೂದಲು ಉದುರುತ್ತಿತ್ತು, ಕಣ್ಣು ಮಂಕಾಗಿತ್ತು. ಬೊಗಳಲು ಹೋದರೆ ಕೆಮ್ಮಿನಂಥ ಸದ್ದು ಬರುತ್ತಿತ್ತು. ಗೋಡೆಯ ಮೇಲಿನ ನಾಯಿಗಳೆಲ್ಲ ಹಾಗೇ ಆಗಿದ್ದವು.

"ಅಪ್ಪಾಜಿ, ಆಹಾರ ಸರಿಯಿಲ್ಲ," ಎಂದಳು ಕುಂದಲತೆ.

"ಛೆ ಛೆ! ಚೀಲದ ಮೇಲೆ ನಾಯಿ ಎಷ್ಟು ಚೆನ್ನಾಗಿ ನಗುತ್ತಿದೆ ನೋಡು ಮಗಳೇ," ಎಂದ ರಾಜ.

"ಅದು ಬರೆದ ನಾಯಿ, ಅಪ್ಪಾಜಿ! ಗೋಡೆಯ ಮೇಲಿನ ನಾಯಿ ನೋಡಿ!"

"ನೋಡಿದೆನಲ್ಲ. ಬಟ್ಟಲು ನೆಕ್ಕಿ ನೆಕ್ಕಿ ತಿನ್ನುತ್ತಿದೆ. ರುಚಿಯಿಲ್ಲದೆ ತಿನ್ನುತ್ತದೆಯೇ?"

ಕುಂದಲತೆ ಹಣೆ ಹಣೆ ಚಚ್ಚಿಕೊಂಡಳು.

ಒಂದು ಮುಂಜಾನೆ ಮಬ್ಬುಹುಲಿ ಕೋಟೆಯ ಒಳಗೇ ಬಂತು. ನಾಯಿಗಳು ಕೆಮ್ಮಿದವು, ಅಷ್ಟೇ. ಹುಲಿ ಕುಂಬಾರಕೇರಿಯ ಮೇಲೆ ಹಾದು, ಅರಮನೆಯ ಹೂದೋಟಕ್ಕೆ ಬಂದು, ಅಲ್ಲಿ ಹೂ ಬಿಡಿಸುತ್ತಿದ್ದ ರಾಜಮಾತೆಯ ಮೇಲೆ ಹಾದುಹೋಯಿತು. ಕುಂದಲತೆ ಓಡಿಬಂದು "ಅಜ್ಜೀ!" ಎಂದಳು. ಅಜ್ಜಿ ಅವಳನ್ನು ನೋಡಿ, ಬೇರೆಯವರ ಮನೆ ಮಗುವನ್ನು ಮಾತಾಡಿಸುವಂತೆ, "ಯಾರಮ್ಮ ನೀನು? ನಿಮ್ಮ ಮನೆಯವರು ಹುಡುಕುತ್ತಿರಬೇಕಲ್ಲ," ಎಂದಳು.

ಕುಂದಲತೆ ಅಳಲಿಲ್ಲ. ಸಿಟ್ಟಿನಿಂದ ಕಾಲು ಅಪ್ಪಳಿಸುತ್ತ, ಅಪ್ಪನ ಕೈ ಹಿಡಿದೆಳೆದುಕೊಂಡು, ನೇರ ಪೇಟೆಗೆ ನಡೆದಳು.

ಆ ರಾಜ್ಯದಲ್ಲಿ ಚೀಲಗಳು ಮಾತಾಡುತ್ತಿದ್ದವು. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ ಯಾವ ಚೀಲವೂ ಸುಳ್ಳು ಹೇಳುವಂತಿರಲಿಲ್ಲ. ಆದರೆ ಪ್ರತಿ ಉತ್ತರವನ್ನೂ ಕೊನೆಯವರೆಗೆ ಕೇಳಬೇಕಿತ್ತು. ಇದು ಎಲ್ಲರಿಗೂ ಗೊತ್ತಿತ್ತು, ಅಷ್ಟು ಪುರುಸೊತ್ತು ಮಾತ್ರ ಯಾರಿಗೂ ಇರಲಿಲ್ಲ.

ಝಗಮಲ್ಲನ ಅಂಗಡಿಯ ಮುಂದೆ ಚಿನ್ನದ ಚೀಲವಿತ್ತು.

"ಏಯ್ ಚೀಲ, ನಿನ್ನ ಹೊಟ್ಟೆಯಲ್ಲೇನಿದೆ?" ಎಂದಳು ಕುಂದಲತೆ.

ಚೀಲ ಹಾಡತೊಡಗಿತು. ನಾಯಿ ನಲಿವ ಹಾಡು, ಬಾಲ ಕುಣಿವ ಹಾಡು. ಹಾಡು ಮುಗಿಯುವಷ್ಟರಲ್ಲಿ ರಾಜ ತೂಕಡಿಸಿದ, ಕೇಳುತ್ತ ನಿಂತವರಿಗೆ ಪ್ರಶ್ನೆಯೇ ಮರೆತುಹೋಯಿತು. ಕುಂದಲತೆ ತುಟಿ ಕಚ್ಚಿಕೊಂಡು ನಿಂತಳು.

"ನಿನ್ನ ಹೊಟ್ಟೆಯಲ್ಲೇನಿದೆ?"

"ರಾಜಭೋಜನ, ಅಮೃತ, ಅಪ್ಸರೆಯರ ಪ್ರೀತಿ..." ಎಂದು ಚೀಲ ಮತ್ತೊಂದು ಹಾಡೆತ್ತಿತು. ಅದು ಮೊದಲಿನದಕ್ಕಿಂತ ಉದ್ದ. ಕುಂದಲತೆ ಅದನ್ನೂ ಕೇಳಿದಳು. ಅವಳ ಕಿವಿ ಕೆಂಪಾಗಿತ್ತು.

"ನಿನ್ನ ಹೊಟ್ಟೆಯಲ್ಲೇನಿದೆ?"

ಚೀಲ ಗಂಟಲು ಸರಿಮಾಡಿಕೊಂಡಿತು. "ಜೋಳದ ಹೊಟ್ಟು," ಎಂದಿತು ಸಣ್ಣ ದನಿಯಲ್ಲಿ. "ಮತ್ತೆ ಕೆಂಪು ಬಣ್ಣ, ಹಸಿರು ಬಣ್ಣ."

ಹೇಳಿದ್ದೇ ತಡ, ಚಿನ್ನದ ಹೊಳಪು ಕಳಚಿ ಬಿತ್ತು. ಅಂಗಡಿಯ ಆ ಸಾಲಿನ ಚೀಲಗಳೆಲ್ಲ ಹರಕು ಗೋಣಿಗಳಾದವು.

ಝಗಮಲ್ಲ ನಗುನಗುತ್ತ ಹೊರಬಂದ. "ಅದು ಹಳೇ ಮಾಲು, ರಾಜಕುಮಾರಿಯವರೇ. ಇದನ್ನು ನೋಡಿ!" ಎಂದು ಆಳೆತ್ತರದ ಚೀಲವೊಂದನ್ನು ತೋರಿಸಿದ. ಅದರಿಂದ ಮಾಂಸದ ಘಮ ಬರುತ್ತಿತ್ತು. ಬೀದಿನಾಯಿಗಳು ಜೊಲ್ಲು ಸುರಿಸುತ್ತ ಬಂದವು.

"ಆಹಾ! ಇದು ಮಾಂಸವೇ. ತಗೊಂಡುಬಿಡೋಣ," ಎಂದ ರಾಜ.

"ಅಪ್ಪಾಜಿ, ದಯವಿಟ್ಟು ಸುಮ್ಮನಿರಿ. ಏಯ್ ಚೀಲ, ನಿನ್ನ ಹೊಟ್ಟೆಯಲ್ಲೇನಿದೆ?"

"ಮಾಂಸ!" ಎಂದು ಚೀಲ ಗರ್ಜಿಸಿತು. ಎರಡನೆಯ ಸಲ ಕೇಳಿದಾಗ ಗೊಳೋ ಎಂದು ಅತ್ತಿತು. "ನನ್ನನ್ನು ನಂಬುವುದಿಲ್ಲವೇ? ಬಡಚೀಲವೆಂದು ಹೀಗೆ ಅವಮಾನವೇ?" ಅದರ ಅಳುವಿಗೆ ಕೊನೆಯೇ ಇರಲಿಲ್ಲ. ಸುತ್ತಲಿನವರು, "ಪಾಪ, ಬಿಟ್ಟುಬಿಡಿ ತಾಯಿ," ಎಂದರು. ರಾಜನೂ ಕಣ್ಣೊರೆಸಿಕೊಂಡ. ಕುಂದಲತೆಗೆ ತಲೆ ಸಿಡಿಯುತ್ತಿತ್ತು. "ಬೇರೆಯವರ ಮನೆ ಮಗುವಾಗಿ ಹೋದೆನಲ್ಲ ನಾನು," ಎಂದು ಅಜ್ಜಿಯನ್ನು ನೆನೆದು, ಅಳು ಮುಗಿಯುವವರೆಗೂ ನಿಂತಳು. ಮೂರನೆಯ ಸಲ ಕೇಳಿದಳು.

"ಮಾಂಸದ ವಾಸನೆ," ಎಂದಿತು ಚೀಲ ಬಿಕ್ಕುತ್ತ. "ವಾಸನೆಯನ್ನು ತೌಡಿಗೆ ಚಿಮುಕಿಸಿದ್ದಾರೆ. ನಾಯಿಗೆ ಚಟ ಹತ್ತಲೆಂದು ಉಪ್ಪು, ಬೆಲ್ಲ."

ಆಳೆತ್ತರದ ಚೀಲ ಮೊಣಕಾಲೆತ್ತರಕ್ಕೆ ಕುಗ್ಗಿತು. ಜನ ಝಗಮಲ್ಲನನ್ನು ಸುತ್ತುವರಿದರು. ಅವನು ಬಾಯಿಬಾಯಿ ಬಡಿದುಕೊಂಡು ಮಂತ್ರ ಹೇಳಿದ, ಒಂದೂ ಫಲಿಸಲಿಲ್ಲ.

"ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ನನ್ನದೇನು ತಪ್ಪು?" ಎಂದ ಅವನು.

ಅದೇ ಬೀದಿಯ ತಿರುವಿನಲ್ಲಿ ಸೀಬಮ್ಮನೆಂಬವಳ ಅಂಗಡಿಯಿತ್ತು. ಅಲ್ಲಿನ ಚೀಲಗಳಿಗೆ ಬಣ್ಣವಿಲ್ಲ, ಚಿತ್ರವಿಲ್ಲ.

"ಏಯ್ ಚೀಲ, ನಿನ್ನ ಹೊಟ್ಟೆಯಲ್ಲೇನಿದೆ?"

"ಕೋಳಿಮಾಂಸ," ಎಂದಿತು ಚೀಲ.

"ನಿನ್ನ ಹೊಟ್ಟೆಯಲ್ಲೇನಿದೆ?"

"ಕೋಳಿಮಾಂಸ. ಆಮೇಲೆ ಅಕ್ಕಿ, ಕುಂಬಳಕಾಯಿ, ಮೀನೆಣ್ಣೆ."

"ನಿನ್ನ ಹೊಟ್ಟೆಯಲ್ಲೇನಿದೆ?"

"ಎಷ್ಟು ಸಲ ಕೇಳ್ತೀಯಮ್ಮ?" ಎಂದು ಚೀಲ ರೇಗಿತು. "ಕೋಳಿಮಾಂಸ! ಅದೇ ಎಲ್ಲಕ್ಕಿಂತ ಹೆಚ್ಚಿರೋದು, ಅದಕ್ಕೇ ಮೊದಲು ಹೇಳಿದ್ದು. ಹೋದ ಅಮಾವಾಸ್ಯೆ ಕಳೆದ ಮೇಲೆ ತಯಾರಾಗಿದ್ದೇನೆ, ಹಳಸಿಲ್ಲ. ನಾನು ಬೆಳೆದ ನಾಯಿಗೆ. ಮರಿಗೆ ಬೇರೆ ಚೀಲ, ಮುದಿನಾಯಿಗೆ ಬೇರೆ ಚೀಲ. ಬಣ್ಣ ಇಲ್ಲ. ನಾಯಿಗೆ ಯಾಕೆ ಬೇಕು ಬಣ್ಣ?"

ಕುಂದಲತೆ ಆ ದಿನ ಮೊದಲ ಸಲ ನಕ್ಕಳು.

ಸೀಬಮ್ಮ ಮಾತ್ರ ನಗಲಿಲ್ಲ. "ಒಮ್ಮೆಲೇ ಬದಲಾಯಿಸಬೇಡಿ. ಹಳೆಯದಕ್ಕೆ ಇದನ್ನು ಸ್ವಲ್ಪ ಸ್ವಲ್ಪ ಬೆರೆಸಿ, ದಿನದಿನಕ್ಕೆ ಹೆಚ್ಚಿಸಿ. ಕುಡಿಯೋಕೆ ನೀರಿಡಿ. ತಿಳೀತೇ ಮಹಾಸ್ವಾಮಿ?"

"ತಿಳೀತು, ತಿಳೀತು," ಎಂದ ರಾಜ.

ಅವನಿಗೆ ಏನೂ ತಿಳಿದಿರಲಿಲ್ಲ. ಸಂಭ್ರಮದಲ್ಲಿ ಅಂದೇ ಎಲ್ಲ ಬಟ್ಟಲುಗಳನ್ನೂ ಹೊಸ ಆಹಾರದಿಂದ ತುಂಬಿಸಿಬಿಟ್ಟ. ಮರುದಿನ ಕೋಟೆಗೋಡೆಯ ಮೇಲಿನ ನಾಯಿಗಳಿಗೆಲ್ಲ ಹೊಟ್ಟೆ ಕೆಟ್ಟು ಭೇದಿ ಹತ್ತಿತು.

"ಅಪ್ಪಾಜೀ!" ಎಂದು ಕುಂದಲತೆ ಕೂಗಿದ್ದು ಊರಿಗೆಲ್ಲ ಕೇಳಿಸಿತು.

"ನಾಯಿಗಳ ಮೇಲಿನ ಪ್ರೀತಿಯಿಂದ ಮಾಡಿದೆ, ಮಗಳೇ," ಎಂದ ರಾಜ ತಲೆ ತಗ್ಗಿಸಿ.

"ಪ್ರೀತಿ ಇರಲಿ. ಹೇಳಿದ್ದನ್ನು ಒಂದು ಸಲವಾದರೂ ಕೇಳಿಸಿಕೊಳ್ಳಿ!"

ಗೋಡೆ ತೊಳೆಯುವ ಕೆಲಸಕ್ಕೆ ಝಗಮಲ್ಲನನ್ನು ಹಚ್ಚಿದರು. ಕುಂದಲತೆ ತಾನೇ ಬಟ್ಟಲು ಬಟ್ಟಲಿಗೆ ಕೈಹಾಕಿ ಹೊಸದನ್ನು ಹಳೆಯದಕ್ಕೆ ಬೆರೆಸಿ ಹಾಕಿದಳು. ಗೊಣಗುತ್ತಲೇ ಹಾಕಿದಳು. ಒಂದು ದಿನವೂ ತಪ್ಪಿಸಲಿಲ್ಲ. ನಾಯಿಗಳ ಹೊಟ್ಟೆ ಸರಿಹೋಯಿತು, ಕೆರೆತ ನಿಂತಿತು. ಬೋಳಾದ ಜಾಗದಲ್ಲಿ ಎಳೆಗೂದಲು ಮೂಡಿತು. ಗುಡುಗನ ಕಣ್ಣಿಗೆ ಹೊಳಪು ಬಂತು. ಆದರೆ ಅವನು ಇನ್ನೂ ಬೊಗಳಿರಲಿಲ್ಲ.

ಒಂದು ಬೆಳಗ್ಗೆ ಮಬ್ಬುಹುಲಿ ಮತ್ತೆ ಗೋಡೆಯೇರಿತು. ರಾಜ ಮಗಳನ್ನು ಹಿಂದಕ್ಕೆ ಎಳೆದ. ಅವಳು ಕದಲಲಿಲ್ಲ. ಗುಡುಗನ ಬೆನ್ನ ಮೇಲೆ ಕೈಯಿಟ್ಟು, "ಇನ್ನೂ ಎಷ್ಟು ಹೊತ್ತೋ ನಿಂದು? ಬೊಗಳೋ!" ಎಂದಳು.

ಗುಡುಗ ಬೊಗಳಿದ. ಹಿಂದೆಯೇ ಗೋಡೆಯುದ್ದಕ್ಕೂ ನಾಯಿಗಳೆಲ್ಲ ಬೊಗಳಿದವು. ಮಬ್ಬುಹುಲಿ ಹಳೇ ಸೀರೆಯಂತೆ ಪರಪರ ಹರಿಯಿತು. ಅದು ನುಂಗಿದ್ದ ಹೆಸರುಗಳೂ ನೆನಪುಗಳೂ ಹತ್ತಿಯ ಎಳೆಗಳಂತೆ ಊರ ಮೇಲೆ ತೇಲಿ ಬಂದು, ಅವರವರ ನೆತ್ತಿಯ ಮೇಲೆ ಇಳಿದವು. ಕುಂಬಾರಕೇರಿಯಲ್ಲಿ ತಾಯಂದಿರು ಮಕ್ಕಳನ್ನು ಹೆಸರು ಹಿಡಿದು ಕರೆದರು. ಕುರಿಗಳು ಬ್ಯಾ ಎಂದವು.

ಕುಂದಲತೆ ಉಸಿರು ಕಟ್ಟಿಕೊಂಡು ಹೂದೋಟಕ್ಕೆ ಓಡಿದಳು. ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನೇ ಕುಂದ, ಇದೇನು ಕೈಯೆಲ್ಲ ನಾಯಿ ಅನ್ನದ ವಾಸನೆ! ತಲೆ ಬಾಚಿ ಎಷ್ಟು ದಿನವಾಯಿತೇ? ಬಾ ಇಲ್ಲಿ, ಕೂತುಕೋ."

ಕುಂದಲತೆ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಜೋರಾಗಿ ಅತ್ತಳು. ಅಜ್ಜಿ ಬೈಯುತ್ತ ಬೈಯುತ್ತಲೇ ಜಡೆ ಹಾಕಿದಳು.

ಅಲ್ಲಿಂದಾಚೆ ಮಬ್ಬುಹುಲಿಯನ್ನು ಕಂಡವರಿಲ್ಲ. ಕಾವಲಪುರದ ಜನ ನೆಮ್ಮದಿಯಿಂದ ಉಂಡರು, ನಾಯಿಗಳು ಒಳ್ಳೆಯದನ್ನೇ ತಿಂದು ಬಿಸಿಲಿಗೆ ಮೈಚಾಚಿ ಮಲಗಿದವು, ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು.