ಮತ್ಸರಮಾಪಕದ ಶೂನ್ಯಬಿಂದು

ಪಟ್ಟಿಯನ್ನು ಹೊಟ್ಟೆಗೆ ಬಿಗಿದು ಗುಂಡಿ ಒತ್ತಿದ ಕೂಡಲೇ ಯಂತ್ರ ಒಮ್ಮೆ ಸಣ್ಣಗೆ ಗುಂಯ್‌ಗುಟ್ಟಿ ಸುಮ್ಮನಾಯಿತು. ಅದರ ಹೆಸರು ಮತ್ಸರಮಾಪಕ. ತುಮಕೂರಿನ ಕಣಜ ಹುರಿಹಿಟ್ಟು ಕಂಪನಿಯ ಸಭಾಕೋಣೆಯಲ್ಲಿ ಅಂದು ಅದನ್ನು ಕಟ್ಟಿಕೊಂಡು ಕುಳಿತಿದ್ದವಳು ಕೆಲಸ ಕೇಳಿಕೊಂಡು ಬಂದವಳಲ್ಲ. ಕೆಲಸ ಕೊಡುವ ಕಡೆಯವಳು, ಮಾರುಕಟ್ಟೆ ವಿಭಾಗದ ಮುಖ್ಯಸ್ಥೆ ಸರ್ವಮಂಗಳ.

"ಅಲ್ರೀ ಡಾಕ್ಟ್ರೇ, ಪರೀಕ್ಷೆ ಅವರಿಗೆ, ಪಟ್ಟಿ ಮಾತ್ರ ನನಗಾ?" ಎಂದಳು.

"ಅದೇ ಮೇಡಂ ಇದರ ಗುಟ್ಟು," ಎಂದು ನಕ್ಕ ಯುವ ವಿಜ್ಞಾನಿ ಫಣೀಂದ್ರ.

ಆ ಕಾಲಕ್ಕೆ ನೌಕರಿ ಬಯಸುವವರ ಉತ್ತರಗಳನ್ನೆಲ್ಲ ಯಂತ್ರಗಳೇ ಬರೆದುಕೊಡುತ್ತಿದ್ದವು. ಎಲ್ಲರಿಗೂ ನೂರಕ್ಕೆ ನೂರು ಅಂಕ. ಜೊಳ್ಳೂ ಕಾಳೂ ಒಂದೇ ತೂಕ ತೂಗುವಾಗ ಆರಿಸುವುದು ಹೇಗೆ? ಫಣೀಂದ್ರ ಇದಕ್ಕೊಂದು ದಾರಿ ಕಂಡುಹಿಡಿದಿದ್ದ. ಕಸುಬಿನಲ್ಲಿ ಪಳಗಿದವರು ಅದೇ ಕಸುಬಿನ ಇನ್ನೊಬ್ಬ ಜಾಣನನ್ನು ಕಂಡಾಗ, ಮುಖ ಎಷ್ಟೇ ನಗಲಿ, ಜಠರದ ಗೋಡೆ ಮಾತ್ರ ಬಿಸಿಯಾಗುತ್ತದೆ. ಹೊಟ್ಟೆಯುರಿ ಎಂಬ ಮಾತನ್ನು ಹಿರಿಯರು ಸುಮ್ಮನೆ ಹುಟ್ಟಿಸಿರಲಿಲ್ಲ. ಕುಂಬಾರನಿಗೆ ಅಕ್ಕಸಾಲಿಗನ ಮೇಲೆ ಉರಿಯದು, ಇನ್ನೊಬ್ಬ ಕುಂಬಾರನ ಮೇಲೆ ಉರಿಯುತ್ತದೆ. ಆ ಉರಿಯನ್ನು ಅಳೆದರೆ ಪ್ರತಿಭೆಯನ್ನೇ ಅಳೆದಂತೆ.

ಕಂಪನಿಗೆ ಈಗ ಬೇಕಾಗಿದ್ದದ್ದು ಒಬ್ಬ ಮಾರುಕಟ್ಟೆ ವಿಶ್ಲೇಷಕ. ಜನ ಏನು ಕೊಳ್ಳುತ್ತಾರೆ, ಏಕೆ ಕೊಳ್ಳುತ್ತಾರೆ, ಏಕೆ ಕೊಳ್ಳುವುದಿಲ್ಲ ಎಂದು ನೋಡಿ ಹೇಳುವ ಕೆಲಸ. ಮಾಲೀಕ ಪರಮಶಿವಯ್ಯನವರು ಪ್ರಕಟಣೆ ಹೊರಡಿಸಿದ ದಿನದಿಂದಲೂ ಸರ್ವಮಂಗಳಳಿಗೆ ಊಟ ಸೇರಿರಲಿಲ್ಲ. ಹೊಸ ಪೊಟ್ಟಣದ ಬಣ್ಣದಿಂದ ಹಿಡಿದು ಹಬ್ಬದ ರಿಯಾಯಿತಿಯವರೆಗೆ "ಮಂಗಳಮ್ಮ ಏನಂತಾರೆ?" ಎಂದು ಕೇಳದೆ ಯಜಮಾನರು ಹೆಜ್ಜೆ ಇಡುತ್ತಿರಲಿಲ್ಲ. ಆ ಒಂದು ಪ್ರಶ್ನೆಯೇ ಅವಳ ಆಸ್ತಿ. ನಾಳೆ ಬರುವ ಯಾವುದೋ ನಿನ್ನೆಯ ಕೂಸಿಗೆ ಅದು ಹೋಗಿಬಿಟ್ಟರೆ? ಸಾಧಾರಣದವನೊಬ್ಬ ಬಂದರೆ ಪರವಾಗಿಲ್ಲ, ಜಾಣರು ಮಾತ್ರ ಬರಬಾರದು ಎಂದು ಅವಳು ಬೆಳಿಗ್ಗೆಯೇ ನಿಶ್ಚಯಿಸಿಕೊಂಡಿದ್ದಳು.

ಅಭ್ಯರ್ಥಿಗಳು ಯಾವುದಾದರೊಂದು ಅಂಗಡಿಯಲ್ಲಿ ನಿಂತು ನೋಡಿದ್ದನ್ನು ಬಾಯಲ್ಲೇ ಹೇಳಬೇಕಿತ್ತು. ಗಂಡು ಹೆಣ್ಣು, ಊರು ಕುಲ ಯಾವುದೂ ತಿಳಿಯದಂತೆ ಸಮಧ್ವನಿ ಯಂತ್ರ ಎಲ್ಲರ ಮಾತನ್ನೂ ಒಂದೇ ದನಿಗೆ ಇಳಿಸಿತ್ತು.

ಮೊದಲನೆಯವರು ಅಂಕಿಅಂಶ ಒದರಿದರು. ಎರಡನೆಯವರು ಗ್ರಾಹಕನೇ ದೇವರು ಎಂದರು. ಸರ್ವಮಂಗಳಳ ಹೊಟ್ಟೆ ತಣ್ಣಗಿತ್ತು. ಆಮೇಲೆ ಮೂರನೆಯದು ಶುರುವಾಯಿತು.

"ಹೆಂಗಸರು ಬೇರೆಲ್ಲ ಕೊಂಡಾದ ಮೇಲೆ ಕಡೆಯಲ್ಲಿ ಹುರಿಹಿಟ್ಟು ಕೇಳ್ತಾರೆ, ಅದೂ ಸಣ್ಣ ದನಿಯಲ್ಲಿ. ಚೀಲದಲ್ಲಿರೋ ಸಾಮಾನೆಲ್ಲ ಎತ್ತಿ ಅದನ್ನ ತಳಕ್ಕೆ ಹಾಕ್ತಾರೆ. 'ಮನೇಲಿ ಯಾರಿಗೆ ಹುಷಾರಿಲ್ಲ?' ಅಂತ ಯಾರಾದ್ರೂ ಕೇಳಿಬಿಟ್ಟಾರು ಅಂತ ಅಂಜಿಕೆ. ರುಚಿ ಕೆಟ್ಟು ಮಾರಾಟ ನಿಂತಿಲ್ಲ. ಕಾಯಿಲೆಯವರ ಊಟ ಅಂತ ಹೆಸರು ಬಿದ್ದುಬಿಟ್ಟಿದೆ. ಮುಚ್ಚಿಟ್ಟು ಒಯ್ಯೋ ಪದಾರ್ಥವನ್ನ ಯಾರೂ ನೆಂಟರ ಮುಂದೆ ಇಡೋದಿಲ್ಲ."

ಅಷ್ಟೇ. ಸರ್ವಮಂಗಳಳಿಗೆ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಯಿತು. ಎಂಥ ಕಣ್ಣು! ಇದು ತನಗೇಕೆ ಹೊಳೆಯಲಿಲ್ಲ? ಹೊಳೆಯುವುದಾದರೂ ಎಲ್ಲಿಂದ, ಅಂಗಡಿಯೊಂದರ ಮೆಟ್ಟಿಲು ಹತ್ತಿ ವರ್ಷಗಳೇ ಕಳೆದಿದ್ದವು. ಸಭೆ, ನಕ್ಷೆ, ಮತ್ತೆ ಸಭೆ. ಈ ಮೂರನೆಯ ಪ್ರಾಣಿ ಒಳಗೆ ಬಂದರೆ ತನ್ನ ಕಥೆ ಮುಗಿದಂತೆಯೇ. ಅವಳು ಮೊಸರನ್ನವನ್ನು ನೆನೆದಳು, ಕೆರೆಯ ಏರಿಯ ಗಾಳಿಯನ್ನು ನೆನೆದಳು. ಉರಿ ಇಳಿಯಲಿಲ್ಲ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ನಾಲ್ಕನೆಯವರದು ಶುದ್ಧ ಜೊಳ್ಳು. ಅಂಗಡಿಯಲ್ಲಿ ಫ್ಯಾನ್ ಇತ್ತು, ಜನ ಬಂದರು, ಹೋದರು ಎಂದಷ್ಟೇ ಹೇಳಿದರು. ಆ ಮಾತು ನಡೆಯುತ್ತಿರುವಷ್ಟು ಹೊತ್ತೂ ಸರ್ವಮಂಗಳ ಕಣ್ಣು ಮುಚ್ಚಿ ತನ್ನ ಓರಗಿತ್ತಿಯನ್ನು ಧ್ಯಾನಿಸಿದಳು. ಅವಳ ಹೊಸ ಮನೆ, ಅತ್ತೆ ಅವಳಿಗಷ್ಟೇ ಕೊಟ್ಟ ಅವಲಕ್ಕಿ ಸರ, "ಅಕ್ಕಾ, ನೀವು ತುಂಬ ಸೊರಗಿದ್ದೀರಿ" ಎನ್ನುವ ಆ ರಾಗ. ಪಟ್ಟಿಯ ಕೆಳಗೆ ಚರ್ಮ ಬಿಸಿಯಾಗಿದ್ದು ಅವಳಿಗೇ ತಿಳಿಯಿತು. ಆ ಬಿಸಿಯೆಲ್ಲ ಈ ಜೊಳ್ಳಿನ ಲೆಕ್ಕಕ್ಕೇ ಸೇರುತ್ತದೆ.

ಮುಗಿದ ಮೇಲೆ ಪರಮಶಿವಯ್ಯನವರು ಎಂದಿನಂತೆ, "ಮಂಗಳಮ್ಮ ಏನಂತಾರೆ?" ಎಂದರು.

"ಆ ಮೂರನೇದೊಂದು ಬೇಡ ಸಾರ್. ಸುಮ್ನೆ ಕೂತಲ್ಲೇ ಕಥೆ ಕಟ್ಟಿದೆ. ಅಂಥವರನ್ನ ಒಳಗೆ ಬಿಟ್ರೆ ಕಂಪನಿ ಮುಳುಗಿಸ್ತಾರೆ," ಎಂದಳು ಸರ್ವಮಂಗಳ.

ಅಷ್ಟರಲ್ಲಿ ಯಂತ್ರದ ತೀರ್ಪನ್ನು ನೋಡುತ್ತಿದ್ದ ಫಣೀಂದ್ರನ ಮುಖ ಬಿಳಿಚಿತು. "ಸಾರ್, ಏನೋ ಎಡವಟ್ಟಾಗಿದೆ. ಎಲ್ಲರೂ ಸೊನ್ನೆಗಿಂತ ಕೆಳಗಿದ್ದಾರೆ. ಒಬ್ಬರೂ ಯೋಗ್ಯರಿಲ್ಲ ಅಂತಿದೆ."

"ಸೊನ್ನೆಗಿಂತ ಕೆಳಗೆ ಹೇಗಪ್ಪಾ?"

ಫಣೀಂದ್ರ ವಿವರಿಸಿದ. ಹೊಟ್ಟೆಯಲ್ಲಿ ಸಹಜವಾಗಿ ಇರುವ ಬಿಸಿಯನ್ನು ಲೆಕ್ಕದಿಂದ ಕಳೆಯಬೇಕಾಗುತ್ತದೆ. ಅದಕ್ಕೆ ಮತ್ಸರ ಹುಟ್ಟಲು ಸಾಧ್ಯವೇ ಇಲ್ಲದ ಒಂದು ಮಾದರಿಯನ್ನು ನಡುವೆ ಕೇಳಿಸಿ, ಅದನ್ನೇ ಶೂನ್ಯಬಿಂದು ಎಂದು ಹಿಡಿಯುತ್ತಾರೆ. "ಮೂರನೇದು ಅಭ್ಯರ್ಥಿ ಅಲ್ಲ ಸಾರ್. ಮೇಡಂ ಕೆಲಸಕ್ಕೆ ಸೇರೋಕೆ ಬಂದಾಗ ನಿಮ್ಮ ತಂದೆಯವರ ಎದುರು ಮಾತಾಡಿದ್ದು, ಕಂಪನಿಯ ಹಳೆಯ ಧ್ವನಿಮುದ್ರಣ. ತನ್ನ ಮೇಲೆ ತಾನೇ ಯಾರಾದ್ರೂ ಹೊಟ್ಟೆಕಿಚ್ಚು ಪಡ್ತಾರಾ ಹೇಳಿ?"

ಸರ್ವಮಂಗಳಳಿಗೆ ಆ ಮಾತುಗಳು ಈಗಲೂ ನೆನಪಾಗಲಿಲ್ಲ. ಗುಬ್ಬಿಯ ಕಿರಾಣಿ ಅಂಗಡಿಯ ಕಂಬಕ್ಕೆ ಒರಗಿ ನಿಂತಿದ್ದ, ಹವಾಯಿ ಚಪ್ಪಲಿಯ ಒಂದು ಹುಡುಗಿ ಮಾತ್ರ ಮಸುಕಾಗಿ ಕಂಡಳು. ಅಂದು ಹಿರಿಯ ಯಜಮಾನರು ನಕ್ಕು ಕೆಲಸ ಕೊಟ್ಟಿದ್ದರು, ಹುಡುಗಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಇಂದು ಅವಳು ಮತ್ತೆ ಬಾಗಿಲಿಗೆ ಬಂದಾಗ ಕತ್ತು ಹಿಡಿದು ಹೊರಗೆ ನೂಕಿದವಳು ತಾನೇ.

"ಯಂತ್ರ ಕೆಟ್ಟಿಲ್ಲ ಡಾಕ್ಟ್ರೇ," ಎಂದಳು ಪಟ್ಟಿ ಬಿಚ್ಚುತ್ತಾ. "ಆ ಮೂರನೇದಕ್ಕೇ ಉರೀತು. ಚೆನ್ನಾಗೇ ಉರೀತು. ಸಾರ್, ನಾನು ಆಗ ಹೇಳಿದ್ದು ಹೊಟ್ಟೆಕಿಚ್ಚಿಗೆ. ಕೆಲಸ ಆ ಹುಡುಗಿಗೇ ಕೊಡಿ."

"ಹಾಗಂದ್ರೆ? ನೀವು ಮತ್ತೆ ಅಂಗಡಿ ಅಂಗಡಿ ತಿರುಗ್ತೀರಾ? ಈ ಕುರ್ಚಿ?"

"ಕುರ್ಚಿಗೆ ಯಾರಾದ್ರೂ ಸಿಗ್ತಾರೆ ಸಾರ್."

ಸಿಕ್ಕಿದರು ಕೂಡ. ಪರಮಶಿವಯ್ಯನವರು ಯಂತ್ರಕ್ಕೆ ತೆತ್ತದ್ದು ದಂಡವಾಗಬಾರದೆಂದು, ಸೊನ್ನೆಗೆ ಎಲ್ಲರಿಗಿಂತ ಹತ್ತಿರದಲ್ಲಿದ್ದ ಅಭ್ಯರ್ಥಿಯನ್ನೇ ಕರೆದು ಆ ಕುರ್ಚಿಯಲ್ಲಿ ಕೂರಿಸಿದರು. ಅವನೇ ಆ ನಾಲ್ಕನೆಯವನು. ಮಾಡಿದ್ದುಣ್ಣೋ ಮಹಾರಾಯ ಎಂಬಂತೆ, ಸರ್ವಮಂಗಳ ಈಗ ಅವನ ಕೈಕೆಳಗೆ ದುಡಿಯಬೇಕಾಯಿತು.

ಬಿಸಿಲಲ್ಲಿ ಮಧುಗಿರಿ, ಪಾವಗಡ ಎಂದು ಅಲೆದು ಬಂದು ಅವಳು ಮೊದಲ ವರದಿಯನ್ನು ಅವನೆದುರು ಓದಿದಳು. ಅವನು ಕೇಳುತ್ತಾ ಕೇಳುತ್ತಾ ಕುರ್ಚಿಯಲ್ಲಿ ಎರಡು ಸಲ ಮಗ್ಗುಲು ಬದಲಿಸಿದ.

"ಇದರಲ್ಲಿ ಅಂಥಾದ್ದೇನೂ ಕಾಣೆ ಮೇಡಂ," ಎಂದ, ಮುಖ ಹುಳ್ಳಗೆ ಮಾಡಿಕೊಂಡು. "ಇಷ್ಟು ನಾನೂ ಹೇಳ್ತಿದ್ದೆ."

ಸರ್ವಮಂಗಳಳಿಗೆ ಯಾವ ಯಂತ್ರವೂ ಬೇಕಾಗಲಿಲ್ಲ. ಅಂದು ಅವಳು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದಳು.