ಅಟ್ಟಕ್ಕೆ ಹಾಕಿದ ಮೇಲೆ

"ನರ್ಸಮ್ಮ, ಒಂದ್ನಿಮಿಷ ನಿಂತ್ಕೊಳ್ರೀ..."

ತಿಪಟೂರಿನ ಚರ್ಚಿನ ಮೆಟ್ಟಿಲ ಮೇಲೆ ದಯಾಮಣಿಯ ಕಾಲು ನಿಂತೇ ಹೋಯಿತು. ಎದುರಿಗೆ ಜಯಶೀಲ. ಅವನ ಹೆಗಲ ಮೇಲೆ ಹನ್ನೊಂದು ತಿಂಗಳ ಹೆಣ್ಣು ಕೂಸು.

ಆ ಕೂಸಿನ ಹೆರಿಗೆ ಮಾಡಿಸಿದವಳು ದಯಾಮಣಿ. ಅದರ ತಾಯಿಯನ್ನು ಉಳಿಸಿಕೊಳ್ಳಲು ಮಾತ್ರ ಅವಳ ಕೈಲಿ ಆಗಿರಲಿಲ್ಲ.

"ಬಸ್ಸು ಹೋಗ್ಬಿಡತ್ತೆ," ಎಂದು ಸುಳ್ಳು ಹೇಳಿ ಸರಸರನೆ ನಡೆದಳು.

ಎಪ್ಪತ್ತೆಂಟರಲ್ಲಿ, ದಂಡಿನಶಿವರದ ಜಯಶೀಲನ ಮನೆಯಲ್ಲಿ ಅವನ ತಂಗಿ ಕರುಣಮ್ಮನಿಗೆ ಹೆರಿಗೆಯಾಗಿತ್ತು. ರಕ್ತ ನಿಲ್ಲಲಿಲ್ಲ. ಆಸ್ಪತ್ರೆಗೆಂದು ಗಾಡಿ ಕಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನರ್ಸಿನ ತಪ್ಪಿಲ್ಲವೆಂದು ಡಾಕ್ಟರೇ ಹೇಳಿದರು. ದಯಾಮಣಿ ಒಪ್ಪಲಿಲ್ಲ. ಕೂಸಿನ ಅಪ್ಪ ಇನ್ನೊಂದು ಮದುವೆಯಾಗಿ ಹೋದ ಮೇಲೆ ಸಾಕುತ್ತಿದ್ದವನು ಈ ಸೋದರಮಾವನೇ.

ಪ್ರತಿ ಭಾನುವಾರ ಮೊಣಕಾಲೂರಿ, 'ಕರ್ತನೇ, ಈ ಭಾರ ನಿನಗೇ ಒಪ್ಪಿಸ್ತೀನಿ' ಅನ್ನುವಳು. ಬಸ್ಸು ಅವಳಿದ್ದ ತುರುವೇಕೆರೆ ಮುಟ್ಟುವಷ್ಟರಲ್ಲಿ ಅದು ಮತ್ತೆ ಎದೆಯ ಮೇಲೆ ಕೂತಿರುತ್ತಿತ್ತು. ನೆಟ್ಟಗೆ ನಿದ್ದೆ ಮಾಡಿ ಎಷ್ಟು ದಿನವಾಯಿತೋ... ಅವಳಿಗೇ ನೆನಪಿಲ್ಲ.

ಮುಂದಿನ ಮೂರು ಭಾನುವಾರವೂ ಜಯಶೀಲ ಅದೇ ಮೆಟ್ಟಿಲ ಬಳಿ ಕಾದ. ಮೂರು ಸಲವೂ ಅವಳು ತಲೆ ತಗ್ಗಿಸಿ ಓಡಿದಳು.

'ಕೇಳೋಕೇ ಬರ್ತಾನೆ... ನನ್ನ ತಂಗೀನ ಯಾಕೆ ಸಾಯಕ್ಕೆ ಬಿಟ್ಟೆ ಅಂತ.'

ಇದರಲ್ಲಿ ಇನ್ನೊಂದು ಸಂಕಟವೂ ಇತ್ತು. ಕೂಸಿನ ಟೋಪಿ ಸರಿಮಾಡುತ್ತಾ ನಿಲ್ಲುವ ಆ ಮನುಷ್ಯ ಅವಳಿಗೆ ಇಷ್ಟವಾಗಿಬಿಟ್ಟಿದ್ದ. ಅವನ ಬಾಯಿಂದಲೇ ಆ ಮಾತು ಕೇಳುವುದು ಹೇಗೆ?

ಕೊನೆಗೆ ದೂರದೂರಿಗೆ ವರ್ಗಾವಣೆ ಕೇಳಿ ಅರ್ಜಿ ಬರೆದಳು. ಅದನ್ನು ಕಳಿಸುವ ಮುಂಚೆ ಅವನ ಬೈಗುಳ ಒಂದು ಸಲ ಕೇಳಿಬಿಡೋಣ ಎಂದು ದಂಡಿನಶಿವರಕ್ಕೆ ಹೋದಳು.

ಜಯಶೀಲ ಅಟ್ಟದಿಂದ ತೆಂಗಿನಕಾಯಿ ಇಳಿಸುತ್ತಿದ್ದ. ಅವಳನ್ನು ಕಂಡು ಗಾಬರಿಯಿಂದ ಏಣಿ ಇಳಿದು ಬಂದ.

"ಬೈದ್ಬಿಡಿ," ಎಂದಳು ನಿಂತಲ್ಲೇ. "ಬೈಸ್ಕೊಂಡು ಊರು ಬಿಡ್ತೀನಿ. ಸಾಕಾಗಿದೆ ನಂಗೆ."

"ಬಯ್ಯೋದಾ? ಯಾಕೆ?" ಅವನ ದನಿ ತಗ್ಗಿತು. "ಅವತ್ತು ನೀವು ಕೂಸು ಒರೆಸ್ತಿದ್ರಿ. 'ಅಣ್ಣ, ನರ್ಸಮ್ಮ ಬೆಳಗ್ಗಿಂದ ಏನೂ ಕುಡಿದಿಲ್ಲ, ಒಂದ್ಲೋಟ ಕಾಫಿ ಕೊಡು' ಅಂದ್ಲು ಕರುಣ. ಅದೇ ಕೊನೇ ಮಾತು. ನನ್ ಕೈಲಿ ಕೊಡಕ್ಕಾಗ್ಲಿಲ್ಲ. ಅದುನ್ನ ಹೇಳಣ ಅಂತ ಬಂದ್ರೆ, ನೀವು ಬಸ್ಸು ಬಸ್ಸು ಅಂತ ಓಡ್ತೀರಲ್ರೀ."

ದಯಾಮಣಿ ಜಗಲಿಯ ಮೇಲೆ ಕುಸಿದು ಕೂತಳು. ಇಷ್ಟು ತಿಂಗಳ ಅಳು ಒಂದೇ ಸಲ ಬಂತು.

"ವಾರ ವಾರ ದೇವರಿಗೆ ಒಪ್ಪಿಸ್ದೆ... ಈ ಭಾರ ಹೋಗ್ತಾನೇ ಇಲ್ಲ."

ಜಯಶೀಲ ಒಂದು ಕಾಯಿ ತೆಗೆದು ಅವಳ ಕಿವಿಯ ಬಳಿ ಅಲ್ಲಾಡಿಸಿದ. ಒಳಗೆ ಕೊಬ್ಬರಿ ಲೊಟಲೊಟ ಅಂದಿತು.

"ಕರುಣ ತೀರ್ಕಂಡ ವಾರ ನಾನು ಅಟ್ಟಕ್ಕೆ ಹಾಕಿದ್ದು. ಈಗ ಒಣಗೈತೆ. ಈ ಕೆಲ್ಸ ಹಿಡಿದ ಮೊದಲ್ನೇ ವರ್ಷ ನಾನು ತಡೀನಾರ್ದೆ ಮೂರು ತಿಂಗ್ಳಿಗೇ ಇಳ್ಸಿ ಇಳ್ಸಿ ಒಡೆದು ನೋಡ್ತಿದ್ದೆ. ಎಲ್ಲಾ ಹಸಿ, ಎಲ್ಲಾ ಹಾಳು. 'ಮೇಲಿಟ್ಟ ಮೇಲೆ ಕೈ ತಗೀಲಾ' ಅಂತ ಉಗುದ್ರು ನಮ್ಮಪ್ಪ. ನೀವೂ ಅಂಗೇ ಕಣ್ರೀ. ಯೇಸಪ್ಪನ ಹತ್ರ ಇಡ್ತೀರಿ, ಮನೆಗೆ ಬಂದು ಇಳ್ಸಿ ನೋಡ್ಕತೀರಿ. ಅದು ಒಣಗೋದಾದ್ರೂ ಎಂಗೆ?"

ಅವಳು ಕಣ್ಣು ಮುಚ್ಚಿದಳು. 'ಸ್ವಾಮಿ, ಕೈ ತೆಗೆದೆ. ಇನ್ನು ನಾನು ಮುಟ್ಟಲ್ಲ.' ಅಷ್ಟೇ ಪ್ರಾರ್ಥನೆ. ಕಲ್ಲಾಗಿದ್ದ ಹೆಗಲು ಮೆಲ್ಲಗೆ ಸಡಿಲವಾಯಿತು. ಕೂಸು ಅಂಬೆಗಾಲಿಟ್ಟು ಬಂದು ಅವಳ ಸೆರಗು ಹಿಡಿಯಿತು. ಅದನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡವಳು, ಹಾಗೇ ಕಂಬಕ್ಕೆ ಒರಗಿ ನಿದ್ದೆಹೋದಳು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಜಯಶೀಲ ಲೋಟ ಹಿಡಿದು ಎದುರಿಗೇ ಕೂತಿದ್ದ.

"ಎಷ್ಟೊತ್ತು ಮಲಗಿದ್ದೆ?"

"ಮೂರು ಸಲ ಕಾಫಿ ಕಾಯ್ಸೋವಷ್ಟು."

"ಎಬ್ಬಿಸಬಾರ್ದಾಗಿತ್ತಾ?"

"ಮನಸ್ಸು ಬರ್ಲಿಲ್ಲ." ಅವನು ಲೋಟ ನೋಡುತ್ತಾ ಹೇಳಿದ, "ಊರು ಬಿಡ್ಬ್ಯಾಡಿ. ಇಲ್ಲೇ ಇದ್ದುಬುಡಿ... ನನ್ನನ್ನ ಮದುವೆ ಆಗಿ."

ದಯಾಮಣಿ ಚೀಲದಿಂದ ಅರ್ಜಿ ತೆಗೆದು ಅವನ ಕೈಗಿಟ್ಟಳು.

"ಇದನ್ನ ಒಲೆಗೆ ಹಾಕಿ, ಕಾಫಿ ಇನ್ನೊಂದು ಸಲ ಬಿಸಿ ಮಾಡಿ."

"ಆಮೇಲೆ?"

"ಭಾನುವಾರ ಮೆಟ್ಟಿಲ ಹತ್ರ ನಿಂತಿರಿ. ಓಡಲ್ಲ ನಾನು."